ಮೇಷ್ಟ್ರಿಗೇಕೆ ಗಿಟಾರು?



‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಈ ಗಾದೆಯನ್ನು ದೊಡ್ಡವರಾದ ನಾವು ನಿಮಗೆ ದಿನಾ ಹೇಳ್ತೀವಿ. ಈಗ ಊರಿನವರು ಅದನ್ನೇ ನನಗೆ ಹೇಳುತ್ತಿದ್ದಾರೆ. 44ನೇ ವಯಸ್ಸಿನಲ್ಲಿ ನಾನು ಗಿಟಾರ್ ಕಲಿಯಲು ಹೊರಟಿದ್ದೇ ಅದಕ್ಕೆ ಕಾರಣ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತಾರೆ. ಆದರೆ ಈ ಗಾದೆ ಅರ್ಧ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ.

ಗಿಟಾರಿಗೆ ಆರು ತಂತಿ. ಎಡಗೈ ಬೆರಳಿನಿಂದ ಒತ್ತಬೇಕು, ಬಲಗೈಯಿಂದ ಮೀಟಬೇಕು. ಉಕ್ಕಿನ ತಂತಿ ಒತ್ತಿ ಒತ್ತಿ ಮೊದಲ ವಾರಗಳಲ್ಲಿ ಬೆರಳ ತುದಿ ಉರಿಯುತ್ತದೆ. ನಿಮ್ಮ ಬೆರಳಿನಷ್ಟು ಚುರುಕಾಗಿ ನಮ್ಮ ಬೆರಳು ಓಡುವುದೂ ಇಲ್ಲ. ಆದರೆ ದಿನಕ್ಕೆ 15 ನಿಮಿಷ ಬಿಡದೆ ಅಭ್ಯಾಸ ಮಾಡಿದರೆ, ಕುಡುಗೋಲು ಹಿಡಿದ ಕೈಯ ಹಾಗೆ ಬೆರಳ ತುದಿಯೂ ಗಟ್ಟಿಯಾಗುತ್ತದೆ.

ದೊಡ್ಡವರಿಗೆ ಒಂದು ಅನುಕೂಲವೂ ಇದೆ. ಗೊತ್ತಿದ್ದ ಪಾಠ ಹೊಸ ಕಡೆ ಸಿಕ್ಕಿದಾಗ ಗುರುತು ಹಿಡೀತೀವಿ. ಗಿಟಾರಿನ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳಿವೆ. 12ನೆಯ ಪಟ್ಟಿ ತಂತಿಯ ನುಡಿಯುವ ಉದ್ದದ ಅರ್ಧಕ್ಕೆ ಬರುತ್ತದೆ. ಅಲ್ಲಿ ಒತ್ತಿ ಮೀಟಿದರೆ ಕೆಳಗಿನ ‘ಸ’ ಮೇಲಿನ ‘ಸ’ ಆಗುತ್ತದೆ. ಬನ್ನಿ, ಸ್ಕೇಲ್ ಹಿಡಿದು ಅಳೆದು ನೋಡಿ. ಭಿನ್ನರಾಶಿ ಪಾಠ ಅಲ್ಲೇ ಇದೆ!

ಹಾಗಾದರೆ ದೊಡ್ಡವರನ್ನು ತಡೆಯುವುದು ಏನು? ನಾಚಿಕೆ. ತಪ್ಪು ಸ್ವರ ಬಂದರೆ ನೀವು ನಕ್ಕು ಮತ್ತೆ ನುಡಿಸ್ತೀರಿ. ನಾವು ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡ್ತೀವಿ. ಈ ನಾಚಿಕೆಯನ್ನು ಗೆದ್ದವರನ್ನು ನಮ್ಮ ಹಳ್ಳಿಗಳು ಕಂಡಿವೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದ ಮೇಲೆ, ಹಗಲೆಲ್ಲ ಗದ್ದೆಯಲ್ಲಿ ದುಡಿದ ಹೆಂಗಸರು ರಾತ್ರಿ ಸ್ಲೇಟು ಹಿಡಿದು ಕೂತು ‘ಅ, ಆ’ ತಿದ್ದಿದರು. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ರುಜು ಹಾಕಿತು. ಅವರ ಮುಂದೆ ನನ್ನ ಗಿಟಾರು ಯಾವ ಮಹಾ ಸಾಹಸ?

ಆದ್ದರಿಂದ ನಿಮಗೊಂದು ಮಾತು. ಇವತ್ತು ಮನೆಗೆ ಹೋಗಿ ಅಮ್ಮನನ್ನು, ಅಜ್ಜಿಯನ್ನು ಕೇಳಿ: ‘ನಿನಗೆ ಏನು ಕಲೀಬೇಕು ಅಂತ ಆಸೆ ಇತ್ತು?’ ಸೈಕಲ್ಲೋ, ಹಾರ್ಮೋನಿಯಮ್ಮೋ, ಇಂಗ್ಲಿಷೋ, ಏನೇ ಇರಲಿ, ಶುರು ಮಾಡಲು ನೀವೇ ಜೊತೆಗಿರಿ. ಅವರು ತಪ್ಪಿದಾಗ ನಗಲೇಬೇಡಿ ಎನ್ನುವುದಿಲ್ಲ. ಅವರೂ ಜೊತೆಗೆ ನಗುವ ಹಾಗೆ ನಗಿ.

ಮರ ಬಗ್ಗದೆ ಇರಬಹುದು. ಆದರೆ ಹಳೇ ಮಾವಿನ ಮರವೂ ಚಿಗುರುತ್ತದೆ, ಅಲ್ವೇ?

— ನಿಮ್ಮ ಗಣಿತದ ಮೇಷ್ಟ್ರು