ಸೇಂದಿಯೊಳಗಿನ ಮಾತ್ರೆ

ಬೀದರಿನಿಂದ ಜಹೀರಾಬಾದಿನ ಬಸ್ಸು ಹತ್ತಿದರೆ ಗಡಿ ದಾಟಿದ್ದು ಅಂಗಡಿಗಳ ಬೋರ್ಡು ನೋಡಿದಾಗಲೇ ತಿಳಿಯುತ್ತದೆ. ಸೀಟಿನ ಪಕ್ಕದ ಮಾತು ಮಾತ್ರ ಮೊದಲಿನದೇ ಇರುತ್ತದೆ. 1956ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ತಾಂಡೂರು ಕಲಬುರಗಿಯದಾಗಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ನ್ಯಾಲಕಲ್ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ನಮ್ಮವರು ಇಂದಿಗೂ ನಡೆದುಕೊಳ್ಳುತ್ತಾರೆ. ಬೀಗತನ, ಸಾಲ, ಸಾವು ಎಲ್ಲವೂ ಗಡಿಯ ಎರಡೂ ಕಡೆ ಹಬ್ಬಿಕೊಂಡಿವೆ. ಅಲ್ಲಿನ ಕಲಬೆರಕೆ ಸೇಂದಿಯ ಸುದ್ದಿಯನ್ನು ನಾನು ಪರರಾಜ್ಯದ ಸುದ್ದಿಯೆಂದು ಓದಲಾರೆ.

ಈಚಲ ಮರದಿಂದ ಇಳಿಸಿದ ಸೇಂದಿ ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ. ಅದರ ಅಮಲು ದೊಡ್ಡದಲ್ಲ. ಆದರೆ ಮರಗಳು ಕಡಿಮೆಯಾಗಿವೆ, ಕುಡಿಯುವ ಬಾಯಿಗಳು ಹೆಚ್ಚಿವೆ. ನಡುವಿನ ಕೊರತೆಯನ್ನು ನೀರು, ಸ್ಯಾಕರಿನ್, ನೊರೆ ಬರಿಸುವ ಪುಡಿ ತುಂಬುತ್ತವೆ. ಅಮಲಿಗೆ ಬೇರೆಯದೇ ಬೇಕು. ಮೊದಲು ಅದು ಕ್ಲೋರಲ್ ಹೈಡ್ರೇಟ್ ಆಗಿತ್ತು, ‘ಸಿ.ಎಚ್. ಪೌಡರ್’ ಎಂದರೆ ರಾಯಚೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಡಯಾಜಿಪಾಮ್ ಬಂತು, ಈಗ ಹೆಚ್ಚಾಗಿ ಅಲ್ಪ್ರಾಜೋಲಾಮ್. ಜಹೀರಾಬಾದ್ ಈಗ ಸೇರಿರುವ ಸಂಗಾರೆಡ್ಡಿ ಜಿಲ್ಲೆಯಲ್ಲೇ ಇದನ್ನು ಕಳ್ಳತನದಿಂದ ತಯಾರಿಸುವ ಘಟಕಗಳನ್ನು ಪೊಲೀಸರು ಹಿಡಿದಿದ್ದಾರೆ.

ಅಲ್ಪ್ರಾಜೋಲಾಮ್ ಯಾವ ರೋಗದ ಔಷಧಿ? ಆತಂಕದ್ದು. ಎದೆ ಡವಗುಟ್ಟುವವರಿಗೆ, ದಿಗಿಲಿನಿಂದ ನಿದ್ದೆ ಬಾರದವರಿಗೆ ವೈದ್ಯರು ಕಾಲು ಅಥವಾ ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ, ಕೆಲವು ದಿನಗಳ ಮಟ್ಟಿಗೆ ಬರೆದುಕೊಡುವ ಮಾತ್ರೆ. ಆ ಪುಡಿಯನ್ನು ಅಳತೆಯಿಲ್ಲದೆ ಡ್ರಮ್ಮಿಗೆ ಸುರಿದು ಸಾವಿರಾರು ಜನಕ್ಕೆ ವರ್ಷಗಟ್ಟಲೆ ಕುಡಿಸಲಾಗುತ್ತಿದೆ. ಈ ವಿಷಯ ನನ್ನನ್ನು ಬಿಡದೆ ಕಾಡುತ್ತದೆ. ಆ ಸೀಮೆಯ ಜನಕ್ಕೆ ಏನಾಗಿದೆ ಎಂದು ಸರ್ಕಾರಕ್ಕಿಂತ, ಆಸ್ಪತ್ರೆಗಿಂತ ಮೊದಲು ಸೇಂದಿ ಮಾರುವವನಿಗೆ ತಿಳಿದಿತ್ತು. ಅವರಿಗೆ ಬೇಕಾದದ್ದು ಮೋಜಲ್ಲ, ಒಂದು ರಾತ್ರಿಯ ನಿಶ್ಚಿಂತೆ.

ಚಿಂತೆಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತಾಂಡೂರಿನ ಕಲ್ಲುಗಣಿಯಲ್ಲಿ ಬಂಡೆ ಸೀಳುವವರ ಮೈಮೇಲೆ ಬಿಸಿಲು, ಎದೆಯೊಳಗೆ ದೂಳು. ನಾರಾಯಣಖೇಡದ ತಾಂಡಾಗಳಿಂದ ಮುಂಗಡ ಪಡೆದು ಕಬ್ಬು ಕಡಿಯಲು ಹೊರಡುವವರು ಆ ಮುಂಗಡ ತೀರುವವರೆಗೆ ತಮ್ಮ ಮೈಗೆ ತಾವೇ ಮಾಲೀಕರಲ್ಲ. ಜಹೀರಾಬಾದಿನ ಕಬ್ಬು ಬೆಳೆಗಾರರು ಬಾಕಿ ಹಣಕ್ಕಾಗಿ ಬೀದಿಗಿಳಿದಿದ್ದಾರೆ. ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ನಿಮ್ಜ್ ಕೈಗಾರಿಕಾ ವಲಯಕ್ಕೆಂದು 12 ಸಾವಿರಕ್ಕೂ ಹೆಚ್ಚು ಎಕರೆ ಗುರುತಾಗಿ ಹತ್ತು ವರ್ಷ ದಾಟಿತು. ಹೊಲ ನಮ್ಮದಾಗಿ ಉಳಿಯುತ್ತದೋ ಇಲ್ಲವೋ ಎನ್ನುವ ಪ್ರಶ್ನೆಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಹತ್ತು ವರ್ಷ ಮಲಗಿದವರಿದ್ದಾರೆ. ಬರಸಿಡಿಲು ಬಡಿದು ಹೋಗುತ್ತದೆ. ಇದು ದಿನಾ ತೊಟ್ಟಿಕ್ಕುವ ನೀರು.

ಹೀಗೆ ತೊಟ್ಟಿಕ್ಕಿದರೆ ಮಿದುಳಿಗೆ ಏನಾಗುತ್ತದೆ ಎಂಬುದನ್ನು ತೋರಿಸಿದ ಮುಖ್ಯ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಹಾಕಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನ ಕಂಡುಕೊಂಡದ್ದು ಇದು: ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಭಾಗದಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯವನ್ನು ಕಾಯುವ ಅಮಿಗ್ಡಲದಲ್ಲಿ ಅದೇ ಕವಲುಗಳು ಇನ್ನಷ್ಟು ಚಾಚಿಕೊಂಡಿದ್ದವು. ಎರಡು ವರ್ಷದ ನಂತರ ಬಂದ ಇನ್ನೊಂದು ಫಲಿತಾಂಶ ನನಗೆ ಹೆಚ್ಚು ಮುಖ್ಯ. ಇಲಿಗಳನ್ನು ಬಿಡಿಸಿ 21 ದಿನ ನೆಮ್ಮದಿಯಾಗಿ ಇರಿಸಿದರೂ ಅಮಿಗ್ಡಲದ ಬೆಳವಣಿಗೆ ಹಿಂದೆ ಸರಿಯಲಿಲ್ಲ, ಅವುಗಳ ಅಂಜಿಕೆಯೂ ಇಳಿಯಲಿಲ್ಲ. ಹಗ್ಗ ಬಿಚ್ಚಿದ ಮೇಲೂ ಮಿದುಳಿಗೆ ತಾನಿನ್ನೂ ಕಟ್ಟಿನಲ್ಲೇ ಇದ್ದೇನೆ ಅನ್ನಿಸುತ್ತಿತ್ತು.

ಮನುಷ್ಯ ಇಲಿಯಲ್ಲ, ನಿಜ. ಆದರೆ ಕಾರ್ಟಿಸಾಲ್ ಎಂಬ ಹಾರ್ಮೋನು ನಮ್ಮಲ್ಲಿಯೂ ಹುಲಿ ಕಂಡಾಗ ಏರಿ, ಹುಲಿ ಹೋದ ಮೇಲೆ ಇಳಿಯಬೇಕಾದದ್ದು. ಸಾಲ ಕೊಟ್ಟವನ ಬೈಕು ವಾರ ವಾರ ಬಾಗಿಲಿಗೆ ಬರುವ ಮನೆಯಲ್ಲಿ ಅದು ಸರಿಯಾಗಿ ಇಳಿಯಲು ಬಿಡುವೇ ಸಿಗದು. ಆಗ ಬಳಲುವುದು ಹಣೆಯ ಹಿಂದಿರುವ ಮಿದುಳಿನ ಭಾಗ. ‘ಇವತ್ತು ಬೇಡ, ನಾಳೆ ಮಕ್ಕಳ ಫೀಸು ಕಟ್ಟಬೇಕು’ ಎಂದು ತಡೆಯುವುದು ಅದೇ. ಅದರ ಹಿಡಿತ ಸಡಿಲಾದಂತೆ ಯೋಚಿಸಿ ಮಾಡುತ್ತಿದ್ದ ಕೆಲಸ ರೂಢಿಯಾಗುತ್ತದೆ, ಸಂಜೆಯಾದರೆ ಕಾಲು ತಾನಾಗಿ ಸೇಂದಿ ಅಂಗಡಿಯ ಕಡೆ ತಿರುಗುತ್ತದೆ. ‘ಮನಸ್ಸು ಗಟ್ಟಿ ಮಾಡ್ಕೊಳ್ಳಪ್ಪ’ ಎಂದು ನಾವು ಬುದ್ಧಿ ಹೇಳುತ್ತೇವೆ. ವರ್ಷಗಳ ಚಿಂತೆ ಮೊದಲು ಸವೆಸಿರುವುದು ಗಟ್ಟಿ ಮಾಡಿಕೊಳ್ಳುವ ಆ ಶಕ್ತಿಯನ್ನೇ.

ಮಾತ್ರೆಯ ಕೆಲಸ ಇಲ್ಲಿಂದ ಶುರು. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಕೋಶಗಳನ್ನು ಸಮಾಧಾನ ಮಾಡುತ್ತದೆ. ಅಲ್ಪ್ರಾಜೋಲಾಮ್ ಅದರ ಕೈ ಬಲಪಡಿಸುತ್ತದೆ, ಮದ್ಯವೂ ಅದೇ ದಾರಿ ಹಿಡಿಯುತ್ತದೆ. ಮೊದಲ ಲೋಟಕ್ಕೇ ಎದೆಯ ಭಾರ ಇಳಿದಂತಾಗುತ್ತದೆ, ಅದು ಭ್ರಮೆಯಲ್ಲ. ದಿನವೂ ಹೀಗಾದರೆ ಮಿದುಳು ತನ್ನ ಸ್ವಂತ ತಡೆಯನ್ನು ಸಡಿಲಿಸಿಕೊಳ್ಳುತ್ತದೆ. ರಕ್ತದಲ್ಲಿ ಈ ಔಷಧಿ ಸುಮಾರು 11 ಗಂಟೆಯಲ್ಲಿ ಅರ್ಧಕ್ಕೆ ಇಳಿಯುವುದರಿಂದ ರಾತ್ರಿ ಕುಡಿದವನಿಗೆ ಬೆಳಿಗ್ಗೆ ಕೈ ನಡುಗುತ್ತದೆ, ಮೊದಲಿಗಿಂತ ಹೆಚ್ಚು ದಿಗಿಲಾಗುತ್ತದೆ. ಆ ದಿಗಿಲು ಸಾಲದ್ದೋ ಸೇಂದಿಯದ್ದೋ ಅವನಿಗೇ ಗೊತ್ತಾಗದು. ಚಿಂತೆಗೆಂದು ಕುಡಿದದ್ದೇ ಚಿಂತೆಯನ್ನು ಹೆರುತ್ತಿರುತ್ತದೆ.

2015ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಒಮ್ಮೆಲೇ ಬಿಗಿ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಕೆಲವೇ ದಿನಗಳಲ್ಲಿ ನಿಜಾಮಾಬಾದ್, ಮಹಬೂಬನಗರ, ಮತ್ತು ಆಗ ಜಹೀರಾಬಾದ್, ನಾರಾಯಣಖೇಡಗಳನ್ನು ಒಳಗೊಂಡಿದ್ದ ಮೆದಕ್ ಜಿಲ್ಲೆಗಳ ಆಸ್ಪತ್ರೆಗಳು ತುಂಬಿದವು. ಮೂರ್ಛೆ ಬಂದವರು, ನಾಲಿಗೆ ಕಚ್ಚಿಕೊಂಡವರು, ಇಲ್ಲದವರೊಡನೆ ಮಾತಾಡುವವರು. ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಮುಂದೆ ಸಾಲು ನಿಂತಿತು. ಸತ್ತವರೂ ಇದ್ದರು. ಇನ್ನೊಂದು ತುದಿಯನ್ನು ನೋಡಿ: 2021ರ ಜನವರಿಯಲ್ಲಿ ತಾಂಡೂರು ಸೇರಿರುವ ವಿಕಾರಾಬಾದ್ ಜಿಲ್ಲೆಯಲ್ಲಿ ಸೇಂದಿ ಕುಡಿದೇ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪುಡಿ ಹೆಚ್ಚಾದರೂ ಆಪತ್ತು, ಥಟ್ಟನೆ ನಿಂತರೂ ಆಪತ್ತು.

ಈ ಔಷಧಿಯನ್ನು ಬಿಡಿಸುವ ಕ್ರಮ ವೈದ್ಯರಿಗೆ ಗೊತ್ತು. ನಿಧಾನವಾಗಿ ಇಳಿಯುವ ಅದೇ ಜಾತಿಯ ಮಾತ್ರೆಯನ್ನು ಲೆಕ್ಕ ಹಾಕಿ ಕೊಟ್ಟು, ವಾರ ವಾರ ಕಡಿಮೆ ಮಾಡುತ್ತ ಬರಬೇಕು. ಆದ್ದರಿಂದ ದಾಳಿ ಮಾಡುವ ಅಬಕಾರಿ ಇಲಾಖೆ ಮತ್ತು ಹಾಸಿಗೆ ಸಿದ್ಧಪಡಿಸುವ ಆರೋಗ್ಯ ಇಲಾಖೆ ಒಂದೇ ದಿನ ಹಳ್ಳಿಗೆ ಹೋಗಬೇಕು ಎಂದು ನಾನು ಕೇಳುತ್ತೇನೆ. ಬೀಗ ಮೊದಲು, ಆಸ್ಪತ್ರೆ ಆಮೇಲೆ ಎಂದರೆ ನಡುವಿನ ವಾರದಲ್ಲಿ ಜೀವ ಹೋಗುತ್ತದೆ. ಆ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರೂ ಒಬ್ಬರಿರಲಿ. ಮೈಯ ನೋವನ್ನು ಕೈಸನ್ನೆಯಲ್ಲಿ ತೋರಿಸಬಹುದು, ಮನಸ್ಸಿನ ದಿಗಿಲನ್ನು ತಾಯಿಮಾತಲ್ಲಿ ಮಾತ್ರ ಸರಿಯಾಗಿ ಹೇಳಲು ಬರುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಮಾತಾಡುತ್ತದೆ. ಸೇಂದಿ ಅಂಗಡಿಯ ಗೋಡೆಯ ಮೇಲೇ ಆ ಸಂಖ್ಯೆ ಬರೆಸಿದರೆ ಖರ್ಚು ಒಂದು ಡಬ್ಬಿ ಬಣ್ಣ.

ಗಡಿಯ ಆಚೆಗೆ ಮಗಳನ್ನು ಕೊಟ್ಟವರು, ಅಣ್ಣ ತಮ್ಮಂದಿರು ಅಲ್ಲಿರುವವರು ಈ ಅಂಕಣ ಓದುತ್ತಿದ್ದರೆ ಅವರಿಗೊಂದು ಮಾತು. ಮನೆಯಲ್ಲಿ ದಿನಾ ಸೇಂದಿ ಕುಡಿಯುವವರು ಯಾವುದೇ ಕಾರಣಕ್ಕೆ ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ಅವರನ್ನು ಒಂಟಿಯಾಗಿ ಬಿಡಬೇಡಿ. ನಡುಕ, ನಿದ್ದೆಗೇಡು, ತಪ್ಪು ಮಾತು ಕಂಡರೆ ಮೂರ್ಛೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರ್ಛೆ ಬಂದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡ. ವೈದ್ಯರ ಮುಂದೆ ‘ಜ್ವರ’ ಎನ್ನಬೇಡಿ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸೀಸೆ ಸೇಂದಿ, ಕಡೆಯ ಸಲ ಕುಡಿದದ್ದು ಯಾವಾಗ ಎಂದು ಬಿಚ್ಚಿ ಹೇಳಿ.