ಗುಳಿಗೆ ಕೊಟ್ಟರೆ ಸಾಲದು, ಬಾಯಿಬಿಟ್ಟು ಹೇಳಿ

ನಮ್ಮ ಕೇರಿಗೆ ಗುಳಿಗೆ ಬರುತ್ತದೆ, ಮಾತು ಬರುವುದಿಲ್ಲ. ಸರ್ಕಾರ ಬಿಟ್ಟಿ ಕೊಡುವ ಮಾಲಾ-ಎನ್ ಶೀಟಿನಲ್ಲಿ 28 ಗುಳಿಗೆ. 21 ಹಾರ್ಮೋನಿನವು, 7 ಕಬ್ಬಿಣಾಂಶದವು. ‘ದಿನಾ ಒಂದು ನುಂಗವ್ವ, ಬಸುರಾಗಲ್ಲ’ ಅಂದರೆ ಮುಗಿಯಿತು. ಬಿ.ಪಿ. ನೋಡಿದವರು ಯಾರು? ‘ಬೀಡಿ ಸೇದ್ತೀಯಾ, ಅರೆತಲೆನೋವು ಬರುತ್ತಾ, ಎಳೆಗೂಸು ಐತಾ’ ಅಂತ ಕೇಳಿದವರು ಯಾರು? ನನ್ನಿವಾಳದಿಂದ ಮೊಳಕಾಲ್ಮೂರಿನವರೆಗೆ ಎಷ್ಟು ಹಟ್ಟಿಯಲ್ಲಿ ಈ ಪ್ರಶ್ನೆ ಕೇಳಿದ್ದಾರೆ, ಎಣಿಸಿ ಹೇಳಿ. ಆಶಾ ಅಕ್ಕಂದಿರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಪುಡಿಗಾಸಿಗೆ ದುಡಿಯುವ ನಮ್ಮ ಹೆಣ್ಣುಮಕ್ಕಳೇ. ಅವರನ್ನು ಬರೀ ಶೀಟು ಹಂಚಲು ಓಡಿಸುವವರ ಮೇಲೆ ನಮ್ಮ ಸಿಟ್ಟು.

ನಾವು ಗುಳಿಗೆಯ ವೈರಿಗಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಇಲ್ಲದಿದ್ದರೆ ‘ಹೆರುವುದೇ ಹೆಣ್ಣಿನ ಧರ್ಮ’ ಅನ್ನುವವರು ನಮ್ಮ ಮಾತು ಎತ್ತಿಕೊಂಡು ಓಡಿಯಾರು. ಬಾಬಾಸಾಹೇಬರು ಸಿದ್ಧಪಡಿಸಿದ ಸಂತಾನ ನಿಯಂತ್ರಣದ ಠರಾವನ್ನು 1938ರ ನವೆಂಬರಿನಲ್ಲಿ ಪಿ. ಜೆ. ರೋಹಮ್ ಮುಂಬಯಿ ಶಾಸನಸಭೆಯಲ್ಲಿ ಮಂಡಿಸಿದರು. ಸಭೆ ಅದನ್ನು ಬೀಳಿಸಿತು. ಬೇಡದ ಬಸಿರನ್ನು ಬೇಡ ಅನ್ನುವುದು ನಮ್ಮ ಅಕ್ಕತಂಗಿಯರ ಹಕ್ಕು. ಗುಳಿಗೆ ಆ ಹಕ್ಕಿನ ಕುಡುಗೋಲು. ಆದರೆ ಕುಡುಗೋಲು ಕೊಡುವವನು ಅದರ ಅಲಗು ಯಾವ ಕಡೆ ಐತೆ ಅಂತ ತೋರಿಸಬೇಕೋ ಬೇಡವೋ?

ಅಲಗು ಇಲ್ಲಿದೆ. ಗುಳಿಗೆಯ ಈಸ್ಟ್ರೊಜೆನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಮಿದುಳಿನಲ್ಲಿ ಕಟ್ಟಿದರೆ ಲಕ್ವ. ಹೆದರಿಸಲು ಹೇಳುತ್ತಿಲ್ಲ. ಗುಳಿಗೆ ನುಂಗದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ ಹೀಗಾದರೆ, ನುಂಗುವವರಲ್ಲಿ 3ರಿಂದ 9 ಮಂದಿಗೆ. ಬಸುರಿಯರಲ್ಲಿ ಅದಕ್ಕೂ ಹೆಚ್ಚು. ಆದರೆ ಬಿ.ಪಿ. ಏರಿದವರು, 35 ದಾಟಿ ಬೀಡಿ ಸೇದುವವರು, ಕಣ್ಣಿಗೆ ಮಿಂಚು ಹೊಡೆದು ಅರೆತಲೆನೋವು ಬರುವವರು, ಹಿಂದೆ ಹೆಪ್ಪುಗಟ್ಟಿದವರು, ಲಿವರ್ ಕೆಟ್ಟವರು, ಸ್ತನದ ಕ್ಯಾನ್ಸರ್ ಆದವರು ಇದನ್ನು ಮುಟ್ಟಬಾರದು. ಆರು ತಿಂಗಳೊಳಗಿನ ಕೂಸಿಗೆ ಮೊಲೆಯೂಡುವವರಿಗೂ ಇದು ಸಲ್ಲದು. ಟಿ.ಬಿ.ಗೆ ರಿಫಾಂಪಿಸಿನ್ ನುಂಗುತ್ತಿದ್ದರೆ ಗುಳಿಗೆ ಕೆಲಸವನ್ನೇ ಮಾಡದೆ ಬಸುರು ನಿಂತೀತು. ಇಂಥವರಿಗೆ ಕಾಪರ್-ಟಿ ಇದೆ, ನಿರೋಧ್ ಇದೆ. ಗಂಡಸರ ಆಪರೇಷನ್ನೂ ಇದೆ, ಅದರ ಮಾತು ಬಂದಾಗ ಮಾತ್ರ ನಮ್ಮ ಗಂಡಸರಿಗೆ ಕಿವಿ ಕೇಳುವುದಿಲ್ಲ!

ಈಗ ಕೂಲಿಯ ಮಾತಿಗೆ ಬರೋಣ. ಅಪಾಯದ ಸೂಚನೆಗಳು ಯಾವುವು? ಒಂದು ಕಾಲಿನ ಮೀನಖಂಡ ಊದಿ ನೋಯುವುದು. ಎದೆ ಹಿಡಿದು ಉಸಿರು ಕಟ್ಟುವುದು. ಎಂದೂ ಇಲ್ಲದ ತಲೆಸಿಡಿತ. ಕಣ್ಣು ಮಂಜಾಗುವುದು. ತಡೆಯಲಾರದ ಹೊಟ್ಟೆನೋವು. ಬೆಳಗಿಂದ ಬೈಗಿನವರೆಗೆ ಬಗ್ಗಿ ಶೇಂಗಾ ಕಿತ್ತವಳು ಸಂಜೆ ಹೇಳುವ ಮಾತೂ ಇದೇ ಅಲ್ಲವೇ? ‘ಕಾಲು ಸೇದ್ತೈತೆ, ತಲೆ ಸಿಡೀತೈತೆ.’ ಸಾಹುಕಾರನ ಹೆಂಡತಿ ಹೀಗಂದರೆ ದಾವಣಗೆರೆಗೆ ಕಾರು ಹೊರಡುತ್ತದೆ. ಕೂಲಿಯವಳು ಅಂದರೆ ‘ಬಿಸಿಲಿಗೆ, ಬಿಡು’ ಅನ್ನುತ್ತಾರೆ. ಅವಳೂ ಹಾಗೇ ಅಂದುಕೊಂಡು ಮಲಗುತ್ತಾಳೆ. ನೋವು ನಿನ್ನ ಹಣೆಬರಹ ಅಂತ ತಲತಲಾಂತರದಿಂದ ಕಲಿಸಿದ್ದಾರಲ್ಲ, ಆ ಪಾಠವೇ ಇವತ್ತು ಕೊಲ್ಲುತ್ತದೆ. ತಾಯಂದಿರೇ, ಒಂದೇ ಕಾಲು ಊದಿದರೆ ಅದು ಬಿಸಿಲಲ್ಲ. ಗುಳಿಗೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ‘ಗುಳಿಗೆ ನುಂಗ್ತಿದ್ದೆ’ ಅಂತ ಮೊದಲು ಹೇಳಿ.

ಹೇಳದೆ ಕೊಡುವ ಚಾಳಿ ಹಳೆಯದು. 1956ರಲ್ಲಿ ಈ ಗುಳಿಗೆಯ ದೊಡ್ಡ ಪ್ರಯೋಗ ನಡೆದದ್ದು ಪೋರ್ಟೊರಿಕೋದ ಬಡ ಹೆಂಗಸರ ಮೈಮೇಲೆ, ಈಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಡೋಸಿನಲ್ಲಿ. 1970ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಹೆಂಗಸರು ಎದ್ದು ನಿಂತು ಕೂಗಿದ ಮೇಲೆಯೇ ಅಲ್ಲಿ ಅಪಾಯದ ಚೀಟಿ ಗುಳಿಗೆಯ ಜೊತೆ ಬಂತು. ಆಗ ನಮ್ಮ ಪಕ್ಕದ ಆಂಧ್ರದಲ್ಲಿದ್ದ ಪಟಾನ್‌ಚೆರುವಿನಲ್ಲಿ 1985ರಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಇಂಜೆಕ್ಷನ್ನಿನ ಪ್ರಯೋಗಕ್ಕೆ ಬಡ ಹೆಂಗಸರನ್ನು ಕರೆದರು, ಪ್ರಯೋಗ ಅಂತ ಹೇಳಲಿಲ್ಲ. ಸ್ತ್ರೀಶಕ್ತಿ ಸಂಘಟನೆಯವರು ಪ್ರಶ್ನೆ ಮಾಡಿದರು. 1986ರಲ್ಲಿ ಸಹೇಲಿ ಮೊದಲಾದವರ ಜೊತೆ ಸುಪ್ರೀಂ ಕೋರ್ಟಿಗೆ ಹೋದರು. ಕೇಳಿದ್ದಕ್ಕೇ ಅದು ಬಯಲಾಯಿತು.

ನಾವೂ ಕೇಳಬಹುದು. ದುಡ್ಡು ಪಡೆದ ಖಾಸಗಿ ಡಾಕ್ಟರು ಅಲಕ್ಷ್ಯ ಮಾಡಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ವಕೀಲರೇ ಬೇಕೆಂದಿಲ್ಲ. ಸರಿಯಾದ ಎಚ್ಚರಿಕೆ ಕೊಡದ ಕಂಪನಿಯನ್ನೂ ಅದೇ ಕಾಯ್ದೆ ಹಿಡಿಯುತ್ತದೆ. ಆದರೆ ಎಲ್ಲರಿಗೂ ಬಿಟ್ಟಿ ನೋಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ಬಿಟ್ಟಿ ಗುಳಿಗೆಯವಳಿಗೆ ಆ ಬಾಗಿಲು ಮುಚ್ಚಿದೆ! ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಆಪರೇಷನ್ ಕೆಟ್ಟು ಮತ್ತೆ ಹೆತ್ತ ಹರಿಯಾಣದ ಕೂಲಿ ಹೆಂಗಸಿಗೆ 54,000 ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟೇ 2000ದಲ್ಲಿ ಎತ್ತಿಹಿಡಿಯಿತು. ವಕೀಲರ ಫೀಜಿಗೆ ಅಂಜಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವಕೀಲರು ಬಿಟ್ಟಿ. ಫೋನು 15100. ಔಷಧಿಯಿಂದ ತೊಂದರೆಯಾದರೆ ರೋಗಿಯೇ 1800-180-3024ಕ್ಕೆ ಬಿಟ್ಟಿ ಫೋನು ಮಾಡಿ ವರದಿ ಕೊಡಬಹುದು. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಡಾಕ್ಟರು ಕೊಡಬೇಕು. ಖಾಲಿ ಶೀಟು, ಆಸ್ಪತ್ರೆ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು ಒಲೆಗೆ ಹಾಕಬೇಡಿ. ಕೋರ್ಟಿನಲ್ಲಿ ಕಣ್ಣೀರು ನಡೆಯಲ್ಲ, ಕಾಗದ ನಡೀತದೆ.

ನಮ್ಮ ಬೇಡಿಕೆ ಮೂರೇ. ಬಿ.ಪಿ. ನೋಡದೆ ಮೊದಲ ಶೀಟು ಕೊಡಬೇಡಿ. ಅಪಾಯದ ಸೂಚನೆಗಳನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಡಿ, ಓದಲು ಬಾರದವರಿಗೆ ಬಾಯಲ್ಲಿ ಹೇಳಿ. ಮೂರು ತಿಂಗಳಿಗೊಮ್ಮೆ ಬಂದು ‘ಹೆಂಗಿದೀಯವ್ವ’ ಅಂತ ಕೇಳಿ ಬರೆದುಕೊಳ್ಳಿ. ಇದಕ್ಕೆ ಹೊಸ ಕಾಯ್ದೆ ಬೇಡ, ಕೋಟಿ ರೂಪಾಯಿ ಬೇಡ. ನಮ್ಮ ಹೆಂಗಸರನ್ನು ಮನುಷ್ಯರೆಂದು ಎಣಿಸಿದರೆ ಸಾಕು. ಅಲ್ಲಿಯವರೆಗೆ, ಅಕ್ಕಂದಿರೇ, ಶೀಟಿಗೆ ಕೈಯೊಡ್ಡುವ ಮೊದಲು ಬಾಯಿಬಿಟ್ಟು ಕೇಳಿ. ನಿಮ್ಮ ಜೊತೆ ನಾವೂ ಬಂದು ಕೇಳುತ್ತೇವೆ.