ಮಳೆಗಾಲದ ಬಟ್ಟೆ, ತಿರುಗುವ ಡ್ರಮ್

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಬಣಕಲ್‌ನಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ಚಿಂತೆ. ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಹರವಿದರೆ ಹೊಗೆ ವಾಸನೆ ಬರುತ್ತದೆ, ತೇವ ಮಾತ್ರ ಹೋಗುವುದಿಲ್ಲ. ಕಳೆದ ವರ್ಷ ಮಗಳ ಬಾಣಂತನ ಈ ಮಳೆಯಲ್ಲೇ ಬಂತು. ಎಳೆಗೂಸಿಗೆ ತೇವದ ಬಟ್ಟೆ ಸುತ್ತುವುದುಂಟೇ? ಹಾಗೆಂದೇ ನಮ್ಮನೆಯವರು ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ತಂದರು.

ಒಂದು ದಿನ ದಪ್ಪ ಹೊದಿಕೆಯೊಂದನ್ನೇ ಅದಕ್ಕೆ ಹಾಕಿದೆ. ಹಿಂಡುವ ಹೊತ್ತಿಗೆ ಮೆಷಿನ್ ದಡದಡ ಕುಣಿದು ನಿಂತೇ ಬಿಟ್ಟಿತು. ತೆಗೆದರೆ ಹೊದಿಕೆಯಿಂದ ನೀರು ಸುರಿಯುತ್ತಿತ್ತು. "ದುಡ್ಡು ದಂಡ" ಅಂದರು ಅತ್ತೆ. ಮಗು ನೋಡಲು ಬಂದಿದ್ದ ನಮ್ಮ ಚಿಕ್ಕಪ್ಪ ನಕ್ಕರು. ಭದ್ರಾವತಿಯ ಕಾಗದದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ದುಡಿದವರು ಅವರು.

"ನೋಡಮ್ಮ, ಒದ್ದೆ ಕಾಗದ ಒಣಗಿಸೋಕೆ ಅಲ್ಲಿ ಆಳೆತ್ತರದ ಕಬ್ಬಿಣದ ಸಿಲಿಂಡರುಗಳಿದ್ದವು. ಒಳಗೆ ಹಬೆ, ಹೊರಗೆ ಕಾಗದ. ಶಾಖ ಕೊಟ್ಟ ಹಬೆ ಒಳಗೇ ನೀರಾಗುತ್ತೆ. ಸಿಲಿಂಡರು ನಿಧಾನ ತಿರುಗಿದರೆ ಆ ನೀರು ತಳದಲ್ಲೇ ನಿಲ್ಲುತ್ತೆ. ಸ್ವಲ್ಪ ಜೋರಾದರೆ ಗೋಡೆ ಹಿಡಿದು ಮೇಲೇರಿ ಕೆಳಗೆ ಸುರಿಯುತ್ತೆ. ಇನ್ನೂ ಜೋರಾದರೆ ಬೀಳೋದೇ ಇಲ್ಲ, ಸುತ್ತಲೂ ಪದರವಾಗಿ ಅಂಟಿಕೊಳ್ಳುತ್ತೆ" ಅಂದರು.

ಆ ಪದರ ಶಾಖವನ್ನು ತಡೆಯುತ್ತದಂತೆ. ಕಾಗದ ಹಸಿಯಾಗೇ ಉಳಿಯುತ್ತದಂತೆ. ಅದಕ್ಕೇ ಒಳಗೊಂದು ಕೊಳವೆ ಇಟ್ಟು, ಹಬೆಯ ಒತ್ತಡದಿಂದಲೇ ನೀರನ್ನು ಹೊರಗೆ ದಬ್ಬಿಸುತ್ತಾರೆ.

ನಮ್ಮ ಮೆಷಿನ್ನಿನಲ್ಲೂ ಅದೇ ಆಟ. ಒಗೆಯುವಾಗ ಡ್ರಮ್ ನಿಧಾನ ತಿರುಗುತ್ತದೆ. ಬಟ್ಟೆ ಮೇಲೇರಿ ದೊಪ್ಪನೆ ಬೀಳಬೇಕು, ಆಗಲೇ ಕೊಳೆ ಬಿಡುವುದು. ಅರ್ಧ ಮೀಟರ್ ಅಗಲದ ಡ್ರಮ್ ನಿಮಿಷಕ್ಕೆ ಸುಮಾರು 60 ಸುತ್ತು ದಾಟಿತೆಂದರೆ ಬಟ್ಟೆ ಬೀಳದೆ ಗೋಡೆಗೆ ಅಂಟುತ್ತದೆ. ಹಿಂಡುವಾಗ 1000 ಸುತ್ತು ತಿರುಗಿದರೆ ಬಟ್ಟೆಯ ಮೇಲೆ ಅದರ ತೂಕದ ಸುಮಾರು 280 ಪಟ್ಟು ಬಲ ಬೀಳುತ್ತದೆ. ಕಾರ್ಖಾನೆಯ ಸಿಲಿಂಡರಿನ ಮೈಗೆ ತೂತಿಲ್ಲ, ನಮ್ಮ ಡ್ರಮ್ಮಿಗೆ ಮೈಯೆಲ್ಲ ತೂತು. ಹಾಗಾಗಿ ಅಲ್ಲಿ ಅಂಟಿ ಕೂತು ಕಾಡುವ ನೀರು, ಇಲ್ಲಿ ತೂತಿನಿಂದ ಹೊರಗೆ ಹಾರುತ್ತದೆ.

ಇನ್ನು ಒಂಟಿ ಹೊದಿಕೆ ಒಂದೇ ಕಡೆ ಮುದ್ದೆಯಾದರೆ, ಅಷ್ಟೂ ಬಲ ಒಂದೇ ಕಡೆ ಎಳೆಯುತ್ತದೆ. ಮೆಷಿನ್ ಕುಣಿಯದೆ ಇನ್ನೇನು ಮಾಡೀತು!

ಅಂದಿನಿಂದ ಹೊದಿಕೆಯ ಜೊತೆ ಎರಡು ಟವೆಲ್ ಸೇರಿಸಿ, ಮುದ್ದೆ ಬಿಡಿಸಿ ಹಾಕುತ್ತೇನೆ. ನೀವೂ ಹಾಗೇ ಮಾಡಿ. ಬಾಗಿಲಿನ ಬೀಗ ತಾನಾಗಿ ಬಿಡುವ ತನಕ ಎಳೆಯಬೇಡಿ. ಮೇಲೆ ಮುಚ್ಚಳವಿರುವ ಮೆಷಿನ್ ಆದರೆ, ತಿರುಗುವುದು ಪೂರ್ತಿ ನಿಲ್ಲುವವರೆಗೂ ಕೈ ಹಾಕಬೇಡಿ. ಮಕ್ಕಳನ್ನಂತೂ ಹತ್ತಿರ ಬಿಡಲೇಬೇಡಿ.

ಹಾಗಂತ ಬಚ್ಚಲೊಲೆಯ ಗಳ ಬಿಚ್ಚಿಲ್ಲ. ಮೆಷಿನ್ ಹಿಂಡಿಕೊಡುತ್ತದೆ, ಉಳಿದ ತೇವ ತೆಗೆಯುವುದು ಒಲೆಯ ಕಾವೇ. ಆದರೆ ಮೊದಲು ಮೂರು ದಿನ ಹಿಡಿಯುತ್ತಿದ್ದ ಮಗುವಿನ ಬಟ್ಟೆ ಈಗ ರಾತ್ರಿ ಹರವಿದರೆ ಬೆಳಗ್ಗೆ ಗರಿಗರಿ. ಅತ್ತೆ ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿಯೇ ಮಗುವಿಗೆ ಸುತ್ತುತ್ತಾರೆ. "ದಂಡ" ಅನ್ನುವ ಮಾತು ಮತ್ತೆ ಬಂದಿಲ್ಲ.